ಗೋಜೋದಲ್ಲೊಂದು ಅಡಿಗೆಮನೆ

ಉದ್ದ 14 ಕಿಲೋಮೀಟರ್, ಅಗಲ 7 ಕಿಲೋಮೀಟರ್. ಇಷ್ಟು ಪುಟ್ಟ ದ್ವೀಪದಲ್ಲಿ ಎಲ್ಲಿ ಉಳ್ಕೊಂಡರೆ ಏನು ಮಹಾ ವ್ಯತ್ಯಾಸ ಅಂತ ಯಾರಿಗಾದರೂ ಅನ್ನಿಸುತ್ತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡೇ ಇದಕ್ಕಿಂತ ದೂರ. ಆದರೂ ಮಾಲ್ಟಾ ದೇಶದ ಗೋಜೋ ದ್ವೀಪದಲ್ಲಿ ಐದು ದಿನದ ರಜೆಗೆ ಒಂದು ಮನೆ ಹುಡುಕೋಕೆ ನನಗೂ ಅಮ್ಮನಿಗೂ ಮೂರು ವಾರ ಹಿಡೀತು.

ನಾನು ಕೆಲಸ ಮಾಡೋದು ಮ್ಯೂನಿಕ್‌ನಲ್ಲಿ. ಅಪ್ಪ ತೀರಿಕೊಂಡು ಎರಡು ವರ್ಷ ಆದಮೇಲೆ ಅಮ್ಮ ತೀರ್ಥಹಳ್ಳಿಯಿಂದ ಮೊದಲ ಸಲ ನನ್ನ ಹತ್ತಿರ ಬಂದಿದ್ದಳು. ಷೆಂಗೆನ್ ವೀಸಾದಲ್ಲೇ ಮಾಲ್ಟಾಕ್ಕೂ ಹೋಗಬಹುದು. ಅಕ್ಟೋಬರ್ ಹೊತ್ತಿಗೆ ಬಿಸಿಲು ಇಳಿದಿರುತ್ತೆ, ಸಮುದ್ರದ ನೀರು ಇನ್ನೂ ಬೆಚ್ಚಗಿರುತ್ತೆ. ಇಷ್ಟು ಸಾಕು ಅಂತ ವಿಮಾನದ ಟಿಕೆಟ್ ಮಾಡಿಬಿಟ್ಟೆ.

ಅಮ್ಮನದು ಒಂದೇ ಷರತ್ತು. "ಅಡಿಗೆಮನೆ ಇರ್ಬೇಕು ಮಾರಾಯ್ತಿ. ಇಲ್ದಿದ್ರೆ ನೀನೊಬ್ಳೇ ಹೋಗಿ ಬಾ."

ನನ್ನದೂ ಒಂದೇ ಷರತ್ತು: ಅಡಿಗೆಮನೆ ಇರಬಾರದು. ಧರ್ಮಸ್ಥಳ, ಹೊರನಾಡು ಬಿಟ್ಟರೆ ಅಮ್ಮ ಎಲ್ಲಿಗೇ ಹೋದರೂ ಕಡೆಗೆ ಸೇರಿದ್ದು ಅಲ್ಲಿನ ಒಲೆಯ ಮುಂದೆಯೇ. ಚಿಕ್ಕಮ್ಮನ ಬಾಣಂತನಕ್ಕೆ ಹೋದಾಗಲೂ ಅಷ್ಟೇ, ಅತ್ತೆ ಮನೆಯ ಗೃಹಪ್ರವೇಶಕ್ಕೆ ಹೋದಾಗಲೂ ಅಷ್ಟೇ. ಮೆಡಿಟರೇನಿಯನ್ ತನಕ ಕರ್ಕೊಂಡು ಹೋಗಿ ಪಾತ್ರೆ ತೊಳೆಸೋದಾ?

ಗೋಜೋದಲ್ಲಿ ಉಳಿಯೋಕೆ ಮುಖ್ಯವಾಗಿ ಮೂರು ಥರದ ಜಾಗ ಇದೆ. ಮೊದಲನೆಯದು ಸಮುದ್ರದ ಅಂಚು. ಎತ್ತರದ ಬಂಡೆಗಳ ನಡುವೆ ನೀರು ನುಗ್ಗಿಬಂದಿರೋ ಶ್ಲೆಂಡಿ, ಉತ್ತರಕ್ಕೆ ಮಾರ್ಸಲ್‌ಫೋರ್ನ್. ಬಾಲ್ಕನಿಯಲ್ಲಿ ಕೂತರೆ ನೀಲಿ, ಕೆಳಗಿಳಿದರೆ ಹೋಟೆಲು. ಎರಡನೆಯದು ಹಳ್ಳಿಯ ರೈತರ ಹಳೇ ಮನೆಗಳು. ಜೇನಿನ ಬಣ್ಣದ ಸುಣ್ಣಕಲ್ಲಿನ ದಪ್ಪ ಗೋಡೆ, ಕಮಾನು, ಅಂಗಳದಲ್ಲಿ ಸಣ್ಣ ಈಜುಕೊಳ. ಆರ್ಬ್, ಶಾರಾ, ನಡೂರ್ ಕಡೆ ಇಂಥವು ಬೇಕಾದಷ್ಟಿವೆ. ಮೂರನೆಯದು ದ್ವೀಪದ ನಡುವೆ ಇರೋ ವಿಕ್ಟೋರಿಯಾ ಪೇಟೆ. 1887ರಲ್ಲಿ ಬ್ರಿಟಿಷರು ರಾಣಿಯ ಹೆಸರಿಟ್ಟರು, ಊರಿನವರು ಇವತ್ತಿಗೂ ರಬಾತ್ ಅಂತಲೇ ಕರೀತಾರೆ. ಫೋಟೋ ನೋಡಿ ಆರಿಸೋದಾದರೆ ವಿಕ್ಟೋರಿಯಾ ಕೊನೇ ಸ್ಥಾನ. ಕಿಟಕಿ ತೆಗೆದರೆ ಎದುರುಮನೆಯ ಗೋಡೆ.

ನಾನು ಆರ್ಬ್‌ನ ಒಂದು ಮನೆ ಮೆಚ್ಚಿದ್ದೆ. ಅಮ್ಮ ಲ್ಯಾಪ್‌ಟಾಪಿನಲ್ಲಿ ಕೊಳದ ಫೋಟೋ ನೋಡಿ ಕೇಳಿದ್ದು, "ಹಾಲು ತರೋಕೆ ಎಷ್ಟು ದೂರ ಹೋಗ್ಬೇಕು?"

ತಮಾಷೆ ಅಂದ್ಕೋಬೇಡಿ, ಮನೆ ಆರಿಸೋಕೆ ಇದಕ್ಕಿಂತ ಒಳ್ಳೇ ಪ್ರಶ್ನೆ ಯಾವ ಬುಕಿಂಗ್ ಆ್ಯಪಿನಲ್ಲೂ ಇಲ್ಲ. ಗೋಜೋದ ಬಸ್ಸುಗಳೆಲ್ಲ ಹೆಚ್ಚುಕಮ್ಮಿ ವಿಕ್ಟೋರಿಯಾದಿಂದಲೇ ಹೊರಡುತ್ತವೆ. ಗಾಡಿಯ ಚಕ್ರ ನೆನಸ್ಕೊಳ್ಳಿ: ಗುಂಬದಲ್ಲಿ ಪೇಟೆ, ಅರಗಳ ತುದಿಯಲ್ಲಿ ಊರುಗಳು. ಶ್ಲೆಂಡಿಯಲ್ಲಿದ್ದು ಮಾರ್ಸಲ್‌ಫೋರ್ನ್‌ಗೆ ಹೋಗಬೇಕು ಅಂದರೆ ಪೇಟೆಗೆ ಬಂದು ಬಸ್ ಬದಲಾಯಿಸಬೇಕು. ಕಾರು ಓಡಿಸೋರಿಗೆ ಇದು ಲೆಕ್ಕಕ್ಕೇ ಬರಲ್ಲ. ಅಲ್ಲಿ ನಮ್ಮ ಹಾಗೇ ಎಡಗಡೆ ಡ್ರೈವಿಂಗ್ ಬೇರೆ. ಆದರೆ ನಾನು ಕಾರು ಓಡಿಸಲ್ಲ, ಅಮ್ಮನಿಗೆ ಮಂಡಿನೋವು. ಅಲ್ಲಿಗೆ ಆರ್ಬ್ ಕೈಬಿಟ್ಟೆ.

ಉಳಿದದ್ದು ಶ್ಲೆಂಡಿ. ಅಲ್ಲೊಂದು ಹೋಟೆಲ್ ರೂಮು, ಸಮುದ್ರ ಕಾಣುತ್ತೆ, ಬೆಳಗಿನ ತಿಂಡಿ ಅವರದೇ. ಬುಕ್ ಮಾಡೋಕೆ ಕಾರ್ಡ್ ತೆಗೆದಿದ್ದೆ. ಅಮ್ಮ ಪಕ್ಕದಲ್ಲಿ ಬೀನ್ಸ್ ನಾರು ತೆಗೀತಾ, ತಲೆ ಎತ್ತದೆ ಹೇಳಿದಳು:

"ಅಲ್ಲೇ, ಒಬ್ಳಿಗೇ ಅಂತ ಅಡಿಗೆ ಮಾಡೋಕೆ ಮನಸ್ಸು ಬರೋದಿಲ್ಲ ನೋಡು. ಎರಡು ವರ್ಷ ಆಯ್ತು, ಹೆಚ್ಚಿನ ದಿನ ಮೊಸರನ್ನ ತಿಂದು ಮಲಗ್ತೀನಿ. ಇಲ್ಲಿ ನೀ ಬೆಳಿಗ್ಗೆ ಆಫೀಸಿಗೆ ಹೋದ್ರೆ ರಾತ್ರಿ ಬರ್ತೀ. ಐದು ದಿನ ಮೂರು ಹೊತ್ತೂ ಜೊತೆಗಿರ್ತೀಯಲ್ಲ, ಅದ್ಕೆ ಕೇಳಿದ್ದು."

ನಾನು ಕಾರ್ಡ್ ಒಳಗಿಟ್ಟೆ. ಇಬ್ಬರೂ ಸ್ವಲ್ಪ ಹೊತ್ತು ಬೀನ್ಸ್ ನಾರು ತೆಗೆದೆವು.

ಆಮೇಲೆ ಒಪ್ಪಂದ ಆಯ್ತು. ಬೆಳಗಿನ ಕಾಫಿ, ರಾತ್ರಿಯ ಊಟ ಅಮ್ಮನದು. ಮಧ್ಯಾಹ್ನ ಎಲ್ಲಿದ್ದರೂ ಹೊರಗಡೆ ಊಟ. ಪಾತ್ರೆ ನನ್ನದು. ವಿಕ್ಟೋರಿಯಾದಲ್ಲಿ ಸೇಂಟ್ ಜಾರ್ಜ್ ಚರ್ಚಿನ ಹಿಂದಿನ ಓಣಿಯಲ್ಲೊಂದು ನೆಲಮಟ್ಟದ ಮನೆ ಸಿಕ್ಕಿತು: ಒಂದು ಕೋಣೆ, ಎರಡು ಬರ್ನರಿನ ಒಲೆ. ಸಮುದ್ರ ಇಲ್ಲ. ಹಾಲಿನ ಅಂಗಡಿಗೆ ನಾಲ್ಕು ನಿಮಿಷ.

ಹಗಲೆಲ್ಲ ನಾವೂ ಎಲ್ಲರ ಹಾಗೇ ತಿರುಗಿದೆವು. ಐದು ಸಾವಿರ ವರ್ಷಕ್ಕೂ ಹಳೆಯ ಜಿಗಾಂತಿಯಾ ಕಲ್ಲುಗುಡಿಗಳು, ಶ್ವೇನಿಯಲ್ಲಿ ಬಂಡೆಯಲ್ಲೇ ಕೊರೆದ ಉಪ್ಪಿನ ಮಡಿಗಳು. ಅಲ್ಲಿ ಅಮ್ಮ ಉಪ್ಪು ಕೊಂಡಳು. ಊಟದ ಚಿಂತೆಯೂ ಇರಲಿಲ್ಲ. ಬಟಾಣಿ ತುಂಬಿದ ಪಸ್ತಿಝಿ ಅನ್ನೋ ಪಫ್ ಸಿಗುತ್ತೆ, ಒಣ ಅವರೆಯಂಥ ಕಾಳನ್ನು ಬೆಳ್ಳುಳ್ಳಿ ಹಾಕಿ ಅರೆದ ಬಿಗಿಲ್ಲಾ ಸಿಗುತ್ತೆ. ಆದರೆ ಉಳಿದುಕೊಂಡ ಜಾಗದ ಬೆಲೆ ಗೊತ್ತಾಗೋದು ಸಂಜೆ. ಗೋಜೋ ನೋಡೋಕೆ ಬರೋರಲ್ಲಿ ತುಂಬಾ ಜನ ಮಾಲ್ಟಾದಿಂದ ಬೆಳಿಗ್ಗೆ ಫೆರಿಯಲ್ಲಿ ಬಂದು ಸಂಜೆ ವಾಪಸ್ ಹೋಗ್ತಾರೆ. ಅವರು ಹೋದಮೇಲೆ ಓಣಿಯವರು ಕುರ್ಚಿ ತಂದು ಬಾಗಿಲಲ್ಲಿ ಕೂರ್ತಾರೆ. ಅಮ್ಮನೂ ಕೂತಳು. ಮಲೆನಾಡಿನ ಜಗಲಿಯಲ್ಲಿ ಕೂತು ರೂಢಿ ಇರೋರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ಪೇಟೆಯ ನೆತ್ತಿಯ ಮೇಲೆ ಕೋಟೆ ಇದೆ. 1551ರಲ್ಲಿ ಒಟ್ಟೋಮನ್ ಪಡೆ ಬಂದು ದ್ವೀಪದ ಸುಮಾರು 5000 ಜನರನ್ನ ಗುಲಾಮರಾಗಿ ಎಳೆದುಕೊಂಡು ಹೋಯ್ತು. ಆಮೇಲೂ ದಾಳಿಯ ಭಯ ಹೋಗಲಿಲ್ಲ. 1637ರ ತನಕ ಗೋಜೋದವರು ರಾತ್ರಿ ಕೋಟೆಯೊಳಗೇ ಮಲಗಬೇಕು ಅಂತ ಕಾನೂನಿತ್ತು. "ಪಾಪ, ಬೆಳಿಗ್ಗೆ ಗದ್ದೆಗೆ, ರಾತ್ರಿ ಕೋಟೆಗೆ" ಅಂದಳು ಅಮ್ಮ. ನಾವು ಸೀ ವ್ಯೂ ಬೇಕು ಅಂತ ಎಕ್ಸ್‌ಟ್ರಾ ದುಡ್ಡು ಕೊಡ್ತೀವಿ. ಅವರಿಗೆ ಸಮುದ್ರ ಅಂದರೆ ಹಡಗು ಬರೋ ದಿಕ್ಕು.

ತುಂಗಾ ದಡದವಳಾದ ಅಮ್ಮನಿಗೆ ನಂಬೋಕಾಗದೇ ಇದ್ದದ್ದು, ಈ ದೇಶದಲ್ಲಿ ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲ ಅನ್ನೋದು. ಕುಡಿಯೋ ನೀರಿನ ದೊಡ್ಡ ಪಾಲು ಸಮುದ್ರದ ಉಪ್ಪು ತೆಗೆದು ಮಾಡಿದ್ದು. ಮೊದಲ ದಿನದ ಕಾಫಿ ನಲ್ಲಿ ನೀರಲ್ಲಿ ಮಾಡಿ, ಮೂಗು ಮುರಿದು, ಎರಡನೇ ದಿನದಿಂದ ಬಾಟಲಿ ನೀರು ತರಿಸಿದಳು.

ಮೂರನೇ ಸಂಜೆ ಎದುರುಮನೆಯ ಅಜ್ಜಿ ಒಂದು ಜಾಡಿ ಕೇಪರ್ ಮೊಗ್ಗು ತಂದುಕೊಟ್ಟರು. ಕಲ್ಲುಗೋಡೆಗಳ ಸಂದಿಯಲ್ಲೇ ಬೆಳೆಯೋ ಗಿಡದ ಮೊಗ್ಗು, ಉಪ್ಪುನೀರಲ್ಲಿ ಹಾಕಿದ್ದು. ಅಮ್ಮ ಒಂದು ಬಾಯಿಗೆ ಹಾಕ್ಕೊಂಡು, "ಮಿಡಿ ಉಪ್ಪಿನಕಾಯಿಯ ತಂಗಿ" ಅಂತ ತೀರ್ಪು ಕೊಟ್ಟಳು. ಖಾಲಿ ಜಾಡಿ ವಾಪಸ್ ಕೊಡೋಕಾಗುತ್ತಾ? ಮಾರನೇ ದಿನ ಅಂಗಡಿಯಲ್ಲಿ ರವೆ ಸಿಕ್ಕಿತು. ಅಮ್ಮ ಕೇಸರಿಬಾತ್ ಮಾಡಿ ಜಾಡಿ ತುಂಬಿಸಿ, ತಾನೇ ಹೋಗಿ ಬಾಗಿಲು ತಟ್ಟಿದಳು. ಇವಳಿಗೆ ಮಾಲ್ಟೀಸ್ ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಮುಕ್ಕಾಲು ಗಂಟೆ ಆದಮೇಲೆ ಬಂದಳು. ಏನು ಮಾತಾಡಿದ್ರಿ ಅಂದರೆ, "ಅವಳ ಯಜಮಾನ್ರೂ ಇಲ್ವಂತೆ" ಅಂದಳು.

ನಿಮ್ಮ ಮುಂದಿನ ರಜೆಗೆ ಮನೆ ಹುಡುಕುವಾಗ ರೇಟಿಂಗ್ ನೋಡಿ, ಬೇಡ ಅನ್ನಲ್ಲ. ಬಸ್ ನಿಲ್ದಾಣ ಎಲ್ಲಿದೆ, ಮೆಟ್ಟಿಲು ಎಷ್ಟು, ಚಳಿಗಾಲದಲ್ಲಿ ಕಡಲಂಚಿನ ಹೋಟೆಲುಗಳು ತೆರೆದಿರುತ್ತವಾ, ಇವನ್ನೂ ವಿಚಾರಿಸಿ. ಆದರೆ ಅದಕ್ಕೂ ಮೊದಲು ಜೊತೆಗೆ ಬರೋರನ್ನ, ಅದು ಯಾಕೆ ಬೇಕು ಅಂತ ಒಂದು ಸಲ ಕೇಳಿ. "ಏನಾದ್ರೂ ಪರ್ವಾಗಿಲ್ಲ" ಅಂದರೆ ಇನ್ನೊಂದು ಸಲ ಕೇಳಿ.

ಗೋಜೋ ಫೆರಿಗೆ ಹೋಗುವಾಗ ಯಾರೂ ನಮ್ಮ ಟಿಕೆಟ್ ಕೇಳಲಿಲ್ಲ. ಅಲ್ಲಿ ದುಡ್ಡು ತಗೊಳ್ಳೋದು ದ್ವೀಪದಿಂದ ವಾಪಸ್ ಬರುವಾಗ ಮಾತ್ರ. "ಇಲ್ಲೇ ಇದ್ದುಬಿಟ್ರೆ ಖರ್ಚೇ ಇಲ್ಲ ಹಾಗಾದ್ರೆ" ಅಂತ ಅಮ್ಮ ಬಂದರಿನ ಕೌಂಟರಲ್ಲಿ ನಕ್ಕಳು. ಅವಳ ಬ್ಯಾಗಿನಲ್ಲಿ ಎರಡನೇ ಜಾಡಿ ಕೇಪರ್ ಇತ್ತು.