ಕಡಲು ಬಿಟ್ಟುಹೋದ ಕಲ್ಲುಗಳು

ಕಾರೈ ಹಳ್ಳಿಯ ಹೊರಗೆ ನೆಲ ಇದ್ದಕ್ಕಿದ್ದಂತೆ ಬಿರಿದು ಕೊರಕಲುಗಳ ಜಾಲವಾಗುತ್ತದೆ. ಮರವಿಲ್ಲ, ನೆರಳಿಲ್ಲ. ಕೆಂಪು, ಕಂದು, ಬೂದು ಬಣ್ಣದ ಜೇಡಿಮಣ್ಣಿನ ದಿಬ್ಬಗಳು. ಅವುಗಳ ನಡುನಡುವೆ ಬಿಸಿಲಿಗೆ ಗಾಜಿನ ಚೂರಿನಂತೆ ಹೊಳೆಯುವ ಜಿಪ್ಸಂ. ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಈ ಬೋಳುನೆಲದಲ್ಲಿ ನೋಡುವುದಕ್ಕೇನಿದೆ ಎಂದು ಮೊದಲ ಸಲ ಬಂದವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಬಗ್ಗಿ ನೋಡಬೇಕು. ಒಂದು ತುದಿ ಚೂಪಾದ, ಬಂದೂಕಿನ ಗುಂಡಿನ ಆಕಾರದ ಕಂದು ಕಲ್ಲುಗಳು ಕಾಲಬುಡದಲ್ಲೇ ಕಾಣುತ್ತವೆ. ಇವು ಸುಮಾರು 10 ಕೋಟಿ ವರ್ಷಗಳ ಹಿಂದೆ ಇಲ್ಲಿ ಈಜುತ್ತಿದ್ದ ಬೆಲೆಮ್ನೈಟ್ ಎಂಬ ಜೀವಿಯ ಮೈಯೊಳಗಿದ್ದ ಗಟ್ಟಿ ಭಾಗ. ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್‌ನ ದೂರದ ಬಂಧು ಅದು.

ಬಂಗಾಳ ಕೊಲ್ಲಿ ಇಂದು ಇಲ್ಲಿಂದ ಬಹು ದೂರ ಪೂರ್ವದಲ್ಲಿದೆ. ಆದರೆ ಭಾರತವು ಅಂಟಾರ್ಕ್ಟಿಕ ಮತ್ತು ಆಸ್ಟ್ರೇಲಿಯಾ ಭೂಭಾಗಗಳಿಂದ ಬೇರ್ಪಟ್ಟು ದೂರ ಸರಿಯುತ್ತಿದ್ದ ಕಾಲದಲ್ಲಿ ಕಡಲು ಒಳನುಗ್ಗಿ ಪೆರಂಬಲೂರು, ಅರಿಯಲೂರು ಸೀಮೆಯನ್ನು ಮುಳುಗಿಸಿತ್ತು. ಕ್ರಿಟೇಶಿಯಸ್ ಯುಗದುದ್ದಕ್ಕೂ ಅದು ಏರುತ್ತ ಇಳಿಯುತ್ತ ಪದರದ ಮೇಲೆ ಪದರ ಕೆಸರು ಹಾಸಿತು. ಚಿಪ್ಪು, ಹಲ್ಲು, ಮರದ ಕಾಂಡ ಎಲ್ಲವೂ ಆ ಕೆಸರಿನಲ್ಲಿ ಹೂತು ಪಳೆಯುಳಿಕೆಗಳಾದವು. ಭೂವಿಜ್ಞಾನ ಓದುವ ದೇಶದ ವಿದ್ಯಾರ್ಥಿಗಳಿಗೆ ಇದೊಂದು ತೆರೆದ ಪಾಠಶಾಲೆ.

ಇಲ್ಲಿಯ ಸೊಗಸುಗಾರ ಎಂದರೆ ಆಮೊನೈಟ್. ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಚಿಪ್ಪು ಇದರದು. ಹೆಸರು ಹೊಸದೆನಿಸಿದರೂ ವಸ್ತು ನಮಗೆ ಹೊಸದಲ್ಲ. ನೇಪಾಳದ ಕಾಳಿ ಗಂಡಕಿಯಿಂದ ಬಂದು ಎಷ್ಟೋ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮದ ಚಕ್ರ, ಭೂವಿಜ್ಞಾನಿಯ ಕಣ್ಣಿಗೆ ಆಮೊನೈಟ್ ಚಿಪ್ಪಿನ ಸುರುಳಿ.

<b>ಮರ ಕಲ್ಲಾದ ಹಳ್ಳಿ</b>

ಈ ಸೀಮೆಯ ಪಳೆಯುಳಿಕೆಗಳನ್ನು ಮೊದಲು ಪ್ರಸಿದ್ಧಿಗೆ ತಂದವರಲ್ಲಿ ಕೇ ಮತ್ತು ಕನ್ಲಿಫ್ ಎಂಬ ಹವ್ಯಾಸಿಗಳು ಮುಖ್ಯರು. ಅವರು ಕೂಡಿಹಾಕಿದ್ದನ್ನು ಲಂಡನ್ನಿನಲ್ಲಿ ಎಡ್ವರ್ಡ್ ಫೋರ್ಬ್ಸ್ ಪರಿಶೀಲಿಸಿ 1846ರಲ್ಲಿ ವರದಿ ಪ್ರಕಟಿಸಿದರು. ಅನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಹೆನ್ರಿ ಬ್ಲಾನ್‌ಫರ್ಡ್ ಇಲ್ಲಿಯ ಪದರಗಳನ್ನು ವಿಂಗಡಿಸಿದರು. ಅದೇ ಇಲಾಖೆಯ ಫರ್ಡಿನಂಡ್ ಸ್ಟೋಲಿಚ್ಕ ಇಲ್ಲಿಯ ಚಿಪ್ಪುಜೀವಿಗಳ ವಿವರಗಳನ್ನು 1873ರವರೆಗೂ ಸಂಪುಟ ಸಂಪುಟವಾಗಿ ಬರೆದರು. ಮರುವರ್ಷವೇ ಯಾರ್ಕಂದ್ ಯಾತ್ರೆಯಿಂದ ಮರಳುವಾಗ ಲಡಾಖಿನ ಹಾದಿಯಲ್ಲಿ ಅವರು ತೀರಿಕೊಂಡಾಗ ವಯಸ್ಸು ಬರೀ 36.

ಸಾತ್ತನೂರಿನಲ್ಲಿ ಕಡಲು ಬೇರೊಂದು ಕಾಣಿಕೆ ಬಿಟ್ಟುಹೋಗಿದೆ. ಯಾವುದೋ ದಡದಿಂದ ತೇಲಿಬಂದ ಮರವೊಂದು ಕೆಸರಿನಲ್ಲಿ ಹೂತು, ಅದರ ನಾರಿನ ಜಾಗವನ್ನು ಖನಿಜ ತುಂಬಿಕೊಂಡು, ಇಡೀ ಕಾಂಡ ಕಲ್ಲಾಗಿ ಮಲಗಿದೆ. ಉದ್ದ 18 ಮೀಟರ್. 1940ರಲ್ಲಿ ಇದನ್ನು ಗುರುತಿಸಿದವರು ಎಂ.ಎಸ್. ಕೃಷ್ಣನ್, ಮುಂದೆ ಅವರೇ ಸರ್ವೇಕ್ಷಣ ಇಲಾಖೆಯ ಮೊದಲ ಭಾರತೀಯ ನಿರ್ದೇಶಕರಾದರು. ಈಗ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಲ್ಲಿ ಒಂದು ಚಕ್ಕೆಯನ್ನೂ ಕೀಳುವಂತಿಲ್ಲ.

ಅರಿಯಲೂರಿನತ್ತ ಬಂದರೆ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು. ಅವು ಇಲ್ಲಿ ತಲೆಯೆತ್ತಲು ಕಾರಣವೂ ಅದೇ ಕಡಲು. ಸುಮಾರು 7 ಕೋಟಿ ವರ್ಷಗಳ ಹಿಂದಿನ ಸಿಂಪಿಗಳು ರಾಶಿರಾಶಿಯಾಗಿ ಬಿದ್ದು ಆದ ಸುಣ್ಣಕಲ್ಲಿನ ಪದರಗಳು ಕಲ್ಲನ್‌ಕುರಿಚ್ಚಿಯ ಸುತ್ತ ಇವೆ. ಗಣಿಗಾರಿಕೆಯಿಂದಲೇ ಎಷ್ಟೋ ಪಳೆಯುಳಿಕೆಗಳು ಬೆಳಕು ಕಂಡಿವೆ. ಅದಕ್ಕಿಂತ ಹೆಚ್ಚಿನವು ಕ್ರಷರಿನ ಬಾಯಿಗೆ ಹೋಗಿ ಯಾರದೋ ಮನೆಯ ಗೋಡೆಯಾಗಿವೆ.

<b>ನಮ್ಮ ಬಂಡೆಗಳು, ನಮ್ಮ ಅಗೇಟ್</b>

ಇಂಥ ಚಿಪ್ಪುಗಳು ಕರ್ನಾಟಕದಲ್ಲಿ ಏಕೆ ಹೇರಳವಾಗಿ ಸಿಗುವುದಿಲ್ಲ? ನಾಡಿನ ಬಹುಪಾಲು ಬಂಡೆಗಳು ತೀರ ಹಳೆಯವು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಚಿಪ್ಪು, ಮೂಳೆಗಳಿರುವ ಜೀವಿಗಳು ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ಆದರೆ ಉತ್ತರ ಕರ್ನಾಟಕದ ಮಕ್ಕಳು ನಿರಾಶರಾಗಬೇಕಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಹೆಚ್ಚಿನ ಭಾಗ ಜ್ವಾಲಾಮುಖಿಯ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಬಸಾಲ್ಟ್ ಕಲ್ಲಿನ ನೆಲ. ಲಾವಾ ಆರುವಾಗ ಅನಿಲದ ಗುಳ್ಳೆಗಳು ಪೊಟರೆಗಳಾಗಿ ಉಳಿದವು. ಸಿಲಿಕಾ ಕರಗಿದ ನೀರು ಅವುಗಳೊಳಗೆ ಜಿನುಗಿ, ಪದರ ಪದರವಾಗಿ ಗಟ್ಟಿಯಾಗಿ ಅಗೇಟ್ ಕಲ್ಲಾಯಿತು. ಬಸಾಲ್ಟ್ ಕರಗಿ ಎರೆಮಣ್ಣಾದರೂ ಅಗೇಟ್ ಕರಗುವುದಿಲ್ಲ. ಹೀಗೆ ಬಿಡುಗಡೆಯಾದ ಕಲ್ಲುಗಳು ಭೀಮಾ, ಕೃಷ್ಣಾ ನದಿಗಳ ಗರಸಿನಲ್ಲಿ ಉರುಳಿ ನುಣುಪಾಗುತ್ತವೆ.

ಅಗೇಟನ್ನು ಗುರುತಿಸುವುದು ಕಷ್ಟವಲ್ಲ. ಚಾಕುವಿನ ಮೊನೆಯಿಂದ ಗೀರಿದರೆ ಗೀರು ಬೀಳದು. ಅದೇ ಗಾಜನ್ನು ಗೀರುತ್ತದೆ. ನೀರಿನಲ್ಲಿ ಅದ್ದಿ ಬಿಸಿಲಿಗೆ ಹಿಡಿದರೆ ತೆಳುವಾದ ಅಂಚಿನಲ್ಲಿ ಬೆಳಕು ತೂರಿ, ಒಳಗಿನ ಪಟ್ಟೆಗಳು ಕಾಣುತ್ತವೆ. ಶಿಲಾಯುಗದ ಜನ ಈ ಜಾತಿಯ ಕಲ್ಲುಗಳನ್ನು ಚಕ್ಕೆ ತೆಗೆದು ಸಣ್ಣ ಅಲಗುಗಳನ್ನು ಮಾಡುತ್ತಿದ್ದರು. ಹಾಗೆ ಕೈಯಿಂದ ಚಕ್ಕೆ ತೆಗೆದಂತೆ ಕಾಣುವ ತುಂಡು ಸಿಕ್ಕರೆ ಅದು ಪುರಾತತ್ವಕ್ಕೆ ಸೇರಿದ್ದು; ಇದ್ದಲ್ಲೇ ಬಿಡಬೇಕು.

ಭೀಮೆಯ ಅಗೇಟಿಗೂ ಅರಿಯಲೂರಿನ ಚಿಪ್ಪಿಗೂ ಒಂದು ನಂಟಿದೆ. ದಖ್ಖನ್ನಿನಲ್ಲಿ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆಮೊನೈಟ್‌ಗಳೂ ಡೈನೋಸಾರ್‌ಗಳೂ ಭೂಮಿಯಿಂದ ಮರೆಯಾದದ್ದು ಅದೇ ಹೊತ್ತಿಗೆ. ಮೆಕ್ಸಿಕೊದಲ್ಲಿ ಅಪ್ಪಳಿಸಿದ ಆಕಾಶಕಾಯದ ಪಾಲೆಷ್ಟು, ದಖ್ಖನ್ನಿನ ಹೊಗೆಯ ಪಾಲೆಷ್ಟು ಎಂದು ವಿಜ್ಞಾನಿಗಳು ಇಂದಿಗೂ ತೂಗಿ ನೋಡುತ್ತಿದ್ದಾರೆ. ಒಂದೇ ಡಬ್ಬಿಯಲ್ಲಿ ಕುಳಿತ ಎರಡು ಕಲ್ಲುಗಳು ಒಂದೇ ಕಥೆಯ ಎರಡು ಪುಟಗಳಾಗಬಹುದು, ಅವು ಎಲ್ಲಿಂದ ಬಂದವೆಂದು ಬರೆದಿಟ್ಟಿದ್ದರೆ.

<b>ಚೀಟಿಯಿಲ್ಲದ ಕಲ್ಲು ಮೂಕ</b>

ಈ ಹವ್ಯಾಸದ ಪ್ರಾಣವಿರುವುದು ಆ ಬರಹದಲ್ಲಿ. ಅರಿಯಲೂರು ಜಿಲ್ಲೆಯ ಕಲ್ಲಮೇಡಿನಲ್ಲಿ ಸಿಕ್ಕ ದೈತ್ಯ ಮೂಳೆಗಳ ಕಥೆ ಇದಕ್ಕೆ ಸಾಕ್ಷಿ. ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಭೂವಿಜ್ಞಾನಿಗಳು 1980ರ ದಶಕದಲ್ಲಿ ಅದಕ್ಕೆ ಬೃಹತ್ಕಾಯೋಸಾರಸ್ ಎಂದು ಹೆಸರಿಟ್ಟರು. ಮೊಣಕಾಲ ಕೆಳಗಿನ ಮೂಳೆಯೊಂದೇ 2 ಮೀಟರ್ ಉದ್ದ. ಡೈನೋಸಾರ್‌ಗಳಲ್ಲೇ ಅತಿ ದೊಡ್ಡದರ ಸಾಲಿಗೆ ಇದು ಸೇರಬಹುದಿತ್ತು. ಆದರೆ ಮೂಳೆಗಳು ಪುಡಿಪುಡಿಯಾಗಿ ಹೋದವು. ಉಳಿದದ್ದು ರೇಖಾಚಿತ್ರ, ಅಳತೆ, ಸ್ಥಳದ ವಿವರ. ಅಗೆಯುವಾಗ ತೆಗೆದ ಫೋಟೋಗಳು 2022ರಲ್ಲಿ ಪ್ರಕಟವಾದ ಮೇಲೆ ವಿದ್ವಾಂಸರ ಚರ್ಚೆ ಮತ್ತೆ ಜೀವ ಪಡೆಯಿತು. ಕಲ್ಲು ಕಳೆದರೂ ದಾಖಲೆ ಮಾತಾಡಿತು. ದಾಖಲೆಯೇ ಇಲ್ಲದ ಕಲ್ಲು, ಎಷ್ಟೇ ಚೆಂದವಿದ್ದರೂ, ಷೋಕೇಸಿನ ಅಲಂಕಾರ ಮಾತ್ರ.

ಆದ್ದರಿಂದ ವಿದ್ಯಾರ್ಥಿಗೆ ಬೇಕಾದ ಮೊದಲ ಸಲಕರಣೆ ಸುತ್ತಿಗೆಯಲ್ಲ, ನೋಟ್‌ಬುಕ್. ಸಿಕ್ಕ ತಾರೀಖು, ಊರು, ಹಳ್ಳವೋ ದಿಬ್ಬವೋ, ಯಾವ ಬಣ್ಣದ ಪದರ, ಜೊತೆಗೆ ಏನೇನಿತ್ತು: ಇಷ್ಟನ್ನು ಅಲ್ಲೇ ನಿಂತು ಬರೆಯಬೇಕು. ಕಲ್ಲಿಗೊಂದು ಸಂಖ್ಯೆ, ಚೀಟಿಗೂ ಅದೇ ಸಂಖ್ಯೆ. ಕೈಯಲ್ಲೊಂದು ಭೂತಗನ್ನಡಿ, ಅಳತೆಗೆ ಸ್ಕೇಲು, ಸುತ್ತಿಡಲು ಹಳೆಯ ಪತ್ರಿಕೆ, ಜೋಡಿಸಿಡಲು ಬೆಂಕಿಪೊಟ್ಟಣ ಅಥವಾ ಮಿಠಾಯಿ ಡಬ್ಬಿ. ಖರ್ಚು ಇಷ್ಟೇ.

ತಂದೆತಾಯಿಯರು ಗಮನಿಸಬೇಕಾದ ಮಾತುಗಳೂ ಇವೆ. ಗಣಿಗಳೊಳಗೆ ಅನುಮತಿಯಿಲ್ಲದೆ ಮಕ್ಕಳನ್ನು ಬಿಡಬಾರದು; ಕಡಿದಾದ ಅಂಚುಗಳು ಯಾವಾಗ ಕುಸಿಯುತ್ತವೆಂದು ಹೇಳಲಾಗದು. ಸಂರಕ್ಷಿತ ತಾಣಗಳಲ್ಲಿ ಫೋಟೋ ಮಾತ್ರ. ಬೇರೆಡೆ ಏನನ್ನು ಎತ್ತಬಹುದು, ಎತ್ತಬಾರದು ಎಂಬುದನ್ನು ಸ್ಥಳೀಯ ಅಧಿಕಾರಿಗಳಲ್ಲಿ ಮೊದಲೇ ವಿಚಾರಿಸಬೇಕು. ಅನುಮತಿಯಿದ್ದಲ್ಲಿಯೂ ಅಗೆಯದೆ, ಮಳೆ ತೊಳೆದು ಮೇಲೆ ತಂದ ಬಿಡಿ ತುಂಡುಗಳಲ್ಲಿ ಒಂದೆರಡು ಸಾಕು. ದೊಡ್ಡ ಮೂಳೆ, ಮೊಟ್ಟೆಯಂಥ ಉಂಡೆ, ಪೂರ್ತಿ ಚಿಪ್ಪು ಕಂಡರೆ ಮುಟ್ಟದೆ ಚಿತ್ರ ತೆಗೆದು, ಸರ್ವೇಕ್ಷಣ ಇಲಾಖೆಗೋ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ತಿಳಿಸಬೇಕು. ಕೊಂಡು ತಂದ ಕಲ್ಲುಗಳಿಂದ ಸಂಗ್ರಹ ಬೆಳೆಸುವುದು ಬೇಡ. ಆ ವ್ಯಾಪಾರವೇ ತಾಣಗಳನ್ನು ಬರಿದು ಮಾಡುತ್ತದೆ.

ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ತಿರುಚಿರಾಪಳ್ಳಿ ತಲುಪಿದರೆ, ಅಲ್ಲಿಂದ ಕಾರೈ, ಸಾತ್ತನೂರು, ಅರಿಯಲೂರುಗಳನ್ನು ಎರಡು ದಿನಗಳಲ್ಲಿ ನೋಡಬಹುದು. ಹಿಂಗಾರು ಮಳೆ ಮುಗಿದ ಜನವರಿ, ಫೆಬ್ರುವರಿ ಒಳ್ಳೆಯ ಸಮಯ. ಮಳೆ ಹೊಸ ಪದರವನ್ನು ತೊಳೆದಿರುತ್ತದೆ, ಬಿಸಿಲೂ ಸಹಿಸುವಂತಿರುತ್ತದೆ. ಕುಡಿಯುವ ನೀರು, ತಲೆಗೊಂದು ಟೋಪಿ ಜೊತೆಗಿರಲಿ. ನೋಟ್‌ಬುಕ್ಕಿನ ಜೊತೆ ಪೆನ್ನಿನ ಬದಲು ಪೆನ್ಸಿಲ್ ಇದ್ದರೆ ಬೆವರಿಗೆ ಬರಹ ಅಳಿಯುವುದಿಲ್ಲ.