ನುಂಗಲಾರದ ತುತ್ತು

ಸೇಡಂನಲ್ಲಿದ್ದ ನನ್ನ ಸೋದರಮಾವನವರಿಗೆ ಜೋಳದ ರೊಟ್ಟಿಯ ತುತ್ತು ಎದೆಯಲ್ಲಿ ನಿಂತಂತಾದಾಗ, "ನೀರು ಕುಡಿದು ನುಂಗ್ರಿ ಮಾವ" ಎಂದವನು ನಾನೇ. ಮುಂದಿನ ವಾರಗಳಲ್ಲಿ ಅವರು ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ನೆನೆಸಿ ಉಣ್ಣತೊಡಗಿದರು. ಬಳಿಕ ಅಂಬಲಿಯಷ್ಟೇ ಆಯಿತು. ಕೊನೆಗೆ ನೀರೂ ಇಳಿಯದಾದಾಗ ನಾವು ಎಚ್ಚೆತ್ತೆವು. ಚಿತ್ತಾಪುರ, ವಾಡಿ, ಶಹಾಬಾದ್ ದಾಟಿ ರೈಲು ಕಲಬುರಗಿ ಮುಟ್ಟುವವರೆಗೂ ಮಾವ ಮಾತನಾಡಲಿಲ್ಲ.

ಅಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರದಲ್ಲಿ ಅನ್ನನಾಳದ ಕ್ಯಾನ್ಸರ್ ಎಂದು ತಿಳಿಯಿತು. "ಇಷ್ಟು ಬೇಗ ಹೇಗೆ ಹಬ್ಬಿತು?" ಎಂದು ಕೇಳಿದೆ. "ಬೇಗ ಹಬ್ಬಿದ್ದಲ್ಲ, ತಡವಾಗಿ ತಿಳಿದದ್ದು" ಎಂದರು ವೈದ್ಯರು.

ಆ ಮಾತಿನ ಅರ್ಥವನ್ನು ನಾನು ಓದಿ ತಿಳಿಯಬೇಕಾಯಿತು. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಜೀನ್‌ಗಳ ಗ್ರಂಥ ಒಂದೇ. ಯಾವ ಕೋಶ ಯಾವ ಪುಟವನ್ನು ತೆರೆಯುತ್ತದೆ, ಯಾವುದನ್ನು ಮುಚ್ಚಿಡುತ್ತದೆ ಎಂಬುದೇ ಜೀನ್ ಅಭಿವ್ಯಕ್ತಿ. ತಂಬಾಕು, ಅಡಕೆ, ಮದ್ಯಗಳಿಂದ ವರ್ಷಾನುಗಟ್ಟಲೆ ಘಾಸಿಗೊಂಡ ಅನ್ನನಾಳದಲ್ಲಿ ಈ ಕ್ರಮ ಕೆಡಬಹುದು. ಕೆಟ್ಟ ಕೋಶವನ್ನು ತಡೆಯಬೇಕಾದ ಪಿ53 ಎಂಬ ಕಾವಲುಗಾರನ ಜೀನೇ ಬಹುಪಾಲು ಗಡ್ಡೆಗಳಲ್ಲಿ ವಿಕೃತಗೊಂಡಿರುತ್ತದೆ. "ಬೆಳೆ" ಎಂಬ ಆಜ್ಞೆಯನ್ನು ಸ್ವೀಕರಿಸುವ ಇಜಿಎಫ್‌ಆರ್ ಅನೇಕ ಗಡ್ಡೆಗಳಲ್ಲಿ ಮಿತಿಮೀರುತ್ತದೆ; ಕೋಶಗಳನ್ನು ಒಂದಕ್ಕೊಂದು ಬೆಸೆದಿಡುವ ಇ-ಕ್ಯಾಡ್‌ಹೆರಿನ್ ಕುಗ್ಗುತ್ತದೆ. ಬೆಸುಗೆ ಸಡಿಲಿದ ಕೋಶಗಳು ದುಗ್ಧಗ್ರಂಥಿಗಳತ್ತ ಸಾಗುತ್ತವೆ. 2017ರಲ್ಲಿ ಪ್ರಕಟವಾದ, 164 ಗಡ್ಡೆಗಳ ಅಧ್ಯಯನವೊಂದು ಅನ್ನನಾಳದ ಎರಡು ಮುಖ್ಯ ಬಗೆಯ ಕ್ಯಾನ್ಸರ್‌ಗಳು ಜೀನ್‌ಗಳ ಮಟ್ಟದಲ್ಲಿ ಬೇರೆ ಬೇರೆ ರೋಗಗಳೇ ಎಂದು ತೋರಿಸಿತು. ಚಿಕಿತ್ಸೆಯೂ ಅದಕ್ಕೆ ತಕ್ಕಂತೆ ಬೇರೆಯಾಗಬೇಕೆಂಬ ಅರಿವು ಬೆಳೆಯುತ್ತಿದೆ.

ಆದರೆ ನನ್ನನ್ನು ಇರಿದದ್ದು ಇನ್ನೊಂದು ಸತ್ಯ. ಅನ್ನನಾಳ ಹಿಗ್ಗಬಲ್ಲದು, ಆದ್ದರಿಂದ ಅದು ಸಾಕಷ್ಟು ಕಿರಿದಾಗುವವರೆಗೆ ತುತ್ತು ತಡೆಯುವುದಿಲ್ಲ. ಅಂದರೆ ಮಾವನ ಮೊದಲ ದೂರೇ ತಡವಾಗಿ ಬಂದ ದೂರು. ಅದರ ಮೇಲೆ ನಾನು ನೀರು ಸುರಿದು ಮತ್ತಷ್ಟು ವಾರಗಳನ್ನು ಕಳೆದಿದ್ದೆ. ಬೇಗ ಹೋಗಿದ್ದರೆ ಬದುಕುತ್ತಿದ್ದರೇ? ಹೇಳಲಾರೆ. ಕೇಳಿಸಿಕೊಳ್ಳಬೇಕಾದವನು ಕೇಳಿಸಿಕೊಳ್ಳಲಿಲ್ಲವೆಂಬುದನ್ನು ಮಾತ್ರ ಬಲ್ಲೆ.

ಮಾವ ತೀರಿಕೊಂಡು ವರ್ಷಗಳು ಸಂದಿವೆ. ಮೊನ್ನೆ ಚಿಂಚೋಳಿಯಿಂದ ಬಂದ ಬಂಧುವೊಬ್ಬರು ಊಟದ ನಡುವೆ ಎದೆ ಸವರಿಕೊಂಡು, "ಯಾಕೋ ರೊಟ್ಟಿ ಇಲ್ಲೇ ನಿಂತಂಗಾಗ್ತದ" ಎಂದರು. ನನ್ನ ಕೈ ಅಭ್ಯಾಸಬಲದಿಂದ ನೀರಿನ ತಂಬಿಗೆಯತ್ತ ಸರಿಯಿತು. ಅದನ್ನು ಹಿಂದೆಳೆದುಕೊಂಡು ಕೇಳಿದೆ: "ಎಷ್ಟು ದಿನದಿಂದ?" ಮರುದಿನ ಬೆಳಗಿನ ಮೊದಲ ಬಸ್ಸಿನಲ್ಲಿ ನಾವಿಬ್ಬರೂ ಕಲಬುರಗಿಗೆ ಹೊರಟೆವು.