ಶುದ್ಧಿಪತ್ರವೂ ಪಾಸ್‌ಪೋರ್ಟೂ

ಫುಟ್‌ಬಾಲಿನಲ್ಲಿ ಅಂಕವಾಗಲಿ ಕಪ್ಪಾಗಲಿ ಪಣಕ್ಕಿಲ್ಲದ, ಸೋತವರು ಏನನ್ನೂ ಕಳೆದುಕೊಳ್ಳದ, ಗೆದ್ದವರು ಏನನ್ನೂ ಮನೆಗೆ ಒಯ್ಯದ ಒಂದು ಬಗೆಯ ಪಂದ್ಯವುಂಟು. ಪತ್ರಿಕೆಗಳು ಅದನ್ನು ಸೌಹಾರ್ದ ಪಂದ್ಯ ಎಂದು ಬರೆಯುತ್ತವೆ, ಗ್ಯಾಲರಿಯಲ್ಲಿ ಕುಳಿತವರು ಫ್ರೆಂಡ್ಲಿ ಎನ್ನುತ್ತಾರೆ. ಲೀಗ್ ಶುರುವಾಗುವ ಮುನ್ನ, ರಜೆಯಲ್ಲಿ ದಪ್ಪಗಾದ ಆಟಗಾರರ ಮೈ ಇಳಿಸಿ ದಮ್ಮು ಹೆಚ್ಚಿಸಲೆಂದು ಕ್ಲಬ್ಬುಗಳು ಆಡಿಸುವ ಪ್ರೀಸೀಸನ್ ಪಂದ್ಯಗಳೂ ಇದೇ ಜಾತಿಯವು. ಇವುಗಳ ಫಲಿತಾಂಶಕ್ಕೆ ಅರ್ಥವಿಲ್ಲವೆಂಬುದು ಅಭಿಮಾನಿಗೆ ತಿಳಿಯದ ಸಂಗತಿಯಲ್ಲ. ತಿಳಿದೂ ತಿಳಿದೂ ಅವನು, ನಿಶ್ಚಿತಾರ್ಥದ ಊಟದಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದನ್ನು ಹಿಡಿದು ಮುಂದಿನ ಸಂಸಾರದ ಭವಿಷ್ಯ ಹೇಳುವ ಹಿರಿಯರ ಹಾಗೆ, ಆಗಸ್ಟಿನ ಒಂದು ಫ್ರೆಂಡ್ಲಿಯಲ್ಲಿ ಹೊಸ ಸ್ಟ್ರೈಕರ್ ತಪ್ಪಿಸಿದ ಒಂದು ಗೋಲಿನಿಂದ ಮಾರ್ಚಿನ ಪಟ್ಟಿಯಲ್ಲಿ ತಂಡ ಎಲ್ಲಿ ನಿಲ್ಲುತ್ತದೆಂಬುದನ್ನು ಗುಣಿಸಿ ಹೇಳಬಲ್ಲ.

ಫ್ರೆಂಡ್ಲಿಯನ್ನು ಎಷ್ಟು ಗಂಭೀರವಾಗಿ ಎಣಿಸಬೇಕೆಂಬ ಪ್ರಶ್ನೆ ಅಭಿಮಾನಿಗಳನ್ನು ಮಾತ್ರ ಕಾಡಿದ್ದಲ್ಲ. 2003ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ಆಡಿದಾಗ ಇಂಗ್ಲೆಂಡಿನ ಕೋಚ್ ಸ್ವೆನ್ ಯೋರನ್ ಎರಿಕ್ಸನ್ ವಿರಾಮದ ವೇಳೆಗೆ ಹನ್ನೊಂದು ಮಂದಿಯನ್ನೂ ಹೊರಗೆ ಕರೆದು ಬೇರೆ ಹನ್ನೊಂದು ಮಂದಿಯನ್ನು ಇಳಿಸಿದರು. ಆಸ್ಟ್ರೇಲಿಯಾ 3-1ರಿಂದ ಗೆದ್ದಿತಾದರೂ ಗೆದ್ದದ್ದು ಯಾವ ಇಂಗ್ಲೆಂಡಿನ ಮೇಲೆ ಎಂದು ಹೇಳುವವರಿರಲಿಲ್ಲ. ಮರುವರ್ಷ ಫುಟ್‌ಬಾಲಿನ ವಿಶ್ವ ಸಂಸ್ಥೆಯಾದ ಫಿಫಾ ಇಂಥ ಪಂದ್ಯಗಳಲ್ಲಿ ಬದಲಿ ಆಟಗಾರರ ಸಂಖ್ಯೆಯನ್ನು ಆರಕ್ಕೆ ಕಟ್ಟಿತು. ಮಿತಿ ದಾಟಿದ ಪಂದ್ಯ ದಾಖಲೆಗೆ ಬಾರದು. ದಾಟದಿದ್ದರೆ ಅದರಲ್ಲಿ ಹೊಡೆದ ಗೋಲು ವಿಶ್ವಕಪ್ಪಿನ ಗೋಲಿನ ಪಕ್ಕದಲ್ಲೇ, ಅದೇ ಸಾಲಿನಲ್ಲಿ, ಅದೇ ತೂಕದಲ್ಲಿ ಕೂರುತ್ತದೆ.

ಸುನಿಲ್ ಛೆಟ್ರಿಯ ಗೋಲುಗಳ ಲೆಕ್ಕದ ಸುತ್ತ ಬೆಂಗಳೂರಿನಲ್ಲಿ ನಡೆಯುವ ಜಗಳದ ಮೂಲ ಇಲ್ಲಿದೆ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಪಂದ್ಯವಾಡಿ, 94 ಗೋಲುಗಳೊಂದಿಗೆ ಅವರು ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ಮುಂದಿನ ಮಾರ್ಚಿನಲ್ಲಿ ನಿವೃತ್ತಿಯನ್ನು ಹಿಂದಕ್ಕೆ ಪಡೆದು ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧದ ಫ್ರೆಂಡ್ಲಿಗೆ ಇಳಿದು 95ನೆಯದನ್ನು ಹೊಡೆದರು. ರೊನಾಲ್ಡೊ, ಮೆಸ್ಸಿ ಮತ್ತು ಇರಾನಿನ ಅಲಿ ದಾಯಿ ಇವರ ನಂತರದ ಹೆಸರು ಒಬ್ಬ ಭಾರತೀಯನದೆಂದು ಎದೆಯುಬ್ಬಿಸುವವನ ಮುಂದೆ, "ಏನ್ ಗುರು, ಮಾಲ್ಡೀವ್ಸ್ ಮೇಲೆ ಹೊಡೆದಿದ್ದೂ ಲೆಕ್ಕಾನಾ?" ಎಂದು ಕೇಳುವವನೊಬ್ಬ ಇದ್ದೇ ಇರುತ್ತಾನೆ, ಮತ್ತು ಹಾಗೆ ಕೇಳುವವನೂ ಸಾಮಾನ್ಯವಾಗಿ ಛೆಟ್ರಿಯ ಹೆಸರಿನ ನೀಲಿ ಜೆರ್ಸಿಯನ್ನೇ ತೊಟ್ಟಿರುತ್ತಾನೆ. ವಾದದ ವಸ್ತು ಗೋಲಿನ ಸಂಖ್ಯೆಯಂತೆ ಕಂಡರೂ ಅದರ ಬೇರು ಬೇರೆಡೆ ಇದೆ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ನೇಪಾಳಿ ಮೂಲದ ಸೈನಿಕ ಕುಟುಂಬದಲ್ಲಿ. ಬೆಂಗಳೂರಿಗೆ ಬಂದದ್ದು 2013ರಲ್ಲಿ, ಬೆಂಗಳೂರು ಎಫ್‌ಸಿ ಎಂಬ ಕ್ಲಬ್ಬು ಹುಟ್ಟಿದ ವರ್ಷದಲ್ಲಿ. ಇಂದು ಅವರನ್ನು ಹೊರಗಿನವರೆಂದರೆ ಕಂಠೀರವದ ಪಶ್ಚಿಮ ಗ್ಯಾಲರಿ ಒಪ್ಪುವುದಿಲ್ಲ. ಊರು ಯಾರನ್ನು, ಯಾವಾಗ, ಯಾವ ದಾಖಲೆ ನೋಡಿ ನಮ್ಮವನೆಂದು ಬರೆದುಕೊಳ್ಳುತ್ತದೆ ಎಂಬುದೇ ಫುಟ್‌ಬಾಲ್ ವಾದದ ಹೂರಣ. ರಾಷ್ಟ್ರೀಯ ತಂಡ, ಟ್ರಾನ್ಸ್‌ಫರ್, ಫ್ರೆಂಡ್ಲಿ ಎಲ್ಲವೂ ಅದರ ಮೇಲಿನ ಕಣಕ.

ದಾಖಲೆ ಕೇಳದೆಯೂ ಬರೆದುಕೊಂಡ ಉದಾಹರಣೆ ಹಲಸೂರಿನ ಪಕ್ಕದ ಗೌತಮಪುರದಲ್ಲಿದೆ. ಬ್ರೆಜಿಲ್ ಆಡುವ ದಿನಗಳಲ್ಲಿ ಹಳದಿ ಹಸಿರು ಉಡುವ, ಮಿನಿ ಬ್ರೆಜಿಲ್ ಎಂದು ಕರೆಸಿಕೊಳ್ಳುವ ಈ ಬಡಾವಣೆಯಲ್ಲಿ ಅಂಬೇಡ್ಕರ್ ಮತ್ತು ಮದರ್ ತೆರೇಸಾ ಅವರ ಜೊತೆಗೆ ಪೆಲೆಯ ಪ್ರತಿಮೆಯೂ ನಿಂತಿದೆ. ಪೆಲೆ ಭಾರತದಲ್ಲಿ ಆಡಿದ ಪಂದ್ಯವೂ, ಈ ಪ್ರಬಂಧದ ಅದೃಷ್ಟಕ್ಕೆ, ಒಂದು ಫ್ರೆಂಡ್ಲಿಯೇ: 1977ರ ಸೆಪ್ಟೆಂಬರ್ 24ರಂದು ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ನ್ಯೂಯಾರ್ಕಿನ ಕಾಸ್ಮಾಸ್ ಪರವಾಗಿ ಮೋಹನ್ ಬಾಗಾನ್ ವಿರುದ್ಧ, ಫಲಿತಾಂಶ 2-2. ಕಾಸರಗೋಡಿನ ತ್ರಿಕ್ಕರಿಪುರದ ಕಡೆಗೆ ಹೋದರೆ ವಿಶ್ವಕಪ್ಪಿನ ತಿಂಗಳಲ್ಲಿ ಬ್ರೆಜಿಲ್ ಮತ್ತು ಅರ್ಜೆಂಟೀನ ಎಂಬೆರಡು ಒಕ್ಕಲುಗಳು ರಸ್ತೆಯ ಎರಡು ಬದಿಯಲ್ಲಿ ಫ್ಲೆಕ್ಸು ಕಟ್ಟಿ ನಿಲ್ಲುತ್ತವೆ. ಇನ್ನೂ ದಕ್ಷಿಣಕ್ಕೆ, ಕೋಳಿಕ್ಕೋಡಿನ ಪುಳ್ಳಾವೂರಿನಲ್ಲಿ 2022ರಲ್ಲಿ ಹೊಳೆಯ ನಡುವೆಯೇ ಮೆಸ್ಸಿಯ ಕಟೌಟು ನಿಲ್ಲಿಸಿದಾಗ ಎದುರು ಬಣದವರು ಅದಕ್ಕಿಂತ ಎತ್ತರದ ನೇಮಾರನನ್ನು ನಿಲ್ಲಿಸಿದರು. ಭಾರತ ವಿಶ್ವಕಪ್ಪಿನಲ್ಲಿ ಆಡದಿರುವುದರಿಂದ ಇವರು ಪರದೇಶವನ್ನು ಬಾಡಿಗೆಗೆ ತಂದರೆಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಬಾಡಿಗೆ ಮನೆಯ ಗೋಡೆ ಬಿರುಕುಬಿಟ್ಟಾಗ ಬಾಡಿಗೆದಾರ, ತಂಡ ಸೋತಾಗ ಇವರು ಅಳುವ ಹಾಗೆ, ಅಳುವುದಿಲ್ಲ.

ಟ್ರಾನ್ಸ್‌ಫರ್ ಎಂದರೆ ಒಂದು ಕ್ಲಬ್ಬಿನ ಕರಾರಿನಲ್ಲಿರುವ ಆಟಗಾರ ಇನ್ನೊಂದು ಕ್ಲಬ್ಬಿಗೆ ಹಣಕ್ಕೋ ಹಣವಿಲ್ಲದೆಯೋ ದಾಟುವುದು. ಕರಾರು ಮುಗಿದವನಿಗೆ ಹಳೆಯ ಕ್ಲಬ್ಬು ಬೆಲೆ ಕೇಳಕೂಡದೆಂದು 1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಬೆಲ್ಜಿಯಮ್ಮಿನ ಜಾನ್ ಮಾರ್ಕ್ ಬೋಸ್ಮನ್ ಮೊಕದ್ದಮೆಯಲ್ಲಿ ಹೇಳಿತು. 2017ರಲ್ಲಿ ಕರಾರು ಮುಗಿಯದ ನೇಮಾರನನ್ನು ಬಾರ್ಸಿಲೋನಾದಿಂದ ಬಿಡಿಸಲು ಪ್ಯಾರಿಸಿನ ಕ್ಲಬ್ಬು 22.2 ಕೋಟಿ ಯೂರೊ ಎಣಿಸಿತು. ಇವೆಲ್ಲ ಬೆಂಗಳೂರಿನ ಹರಟೆಕಟ್ಟೆಗಳಲ್ಲಿ ಬಾಯಿಪಾಠ. ಆದರೆ ಟ್ರಾನ್ಸ್‌ಫರಿನ ನೋವು ಈ ಊರಿಗೆ ಗೊತ್ತಾದದ್ದು ಅದಕ್ಕೂ ಅರ್ಧ ಶತಮಾನ ಮೊದಲು. ದಂಡುಪ್ರದೇಶದ ಮೈದಾನಗಳಲ್ಲಿ ಬೆಳೆದ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವಾಗಿ, ಮರುವರ್ಷವೂ ಅದನ್ನು ಬಿಟ್ಟುಕೊಡಲಿಲ್ಲ. 1948ರ ಒಲಿಂಪಿಕ್ಸಿನಲ್ಲಿ, ಭಾರತೀಯರು ಹೆಚ್ಚಾಗಿ ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 2-1ರಿಂದ ಸೋತ ಪಂದ್ಯದಲ್ಲಿ, ಭಾರತದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಕೋಲ್ಕತ್ತದ ಈಸ್ಟ್ ಬೆಂಗಾಲಿಗೆ ಹೋದರು. ಅಪ್ಪಾರಾವ್, ವೆಂಕಟೇಶ್, ಸಾಲೆ ಮತ್ತು ಬೆಂಗಳೂರಿನವರೇ ಆದ ಧನರಾಜ್ ಜೊತೆಗೆ ಅವರು ಸೇರಿದ ಮುಂಚೂಣಿಗೆ ಬಂಗಾಳಿಗಳು ಪಂಚಪಾಂಡವರೆಂದು ಹೆಸರಿಟ್ಟರು. ಪಾಂಡವರಲ್ಲಿ ಒಬ್ಬರೂ ಬಂಗಾಳದವರಲ್ಲವೆಂಬುದು ಹೆಸರಿಟ್ಟವರಿಗೆ ಅಡ್ಡಿಯಾಗಲಿಲ್ಲ. ಟ್ರಾನ್ಸ್‌ಫರಿನ ದಿನ ಹತ್ತಿರವಾದಾಗ ಎದುರು ಕ್ಲಬ್ಬಿನವರ ಕೈಗೆ ಸಿಗದಂತೆ ಆಟಗಾರರನ್ನು ಗುಟ್ಟಾದ ಮನೆಗಳಲ್ಲಿ ಬಚ್ಚಿಟ್ಟು, ಸಹಿ ಹಾಕಿಸುವ ಹೊತ್ತಿಗೆ ಮೆರವಣಿಗೆಯಲ್ಲಿ ಕರೆತರುವ ಪದ್ಧತಿ ಅಲ್ಲಿ ಬಹುಕಾಲ ನಡೆಯಿತು. ಮಗಳನ್ನು ಕೊಟ್ಟ ಮನೆಯ ಹಾಗೆ ಬೆಂಗಳೂರು ದೂರದಿಂದ ಸುದ್ದಿ ಕೇಳುತ್ತ ಕೂತಿತು.

ಎಲ್ಲ ಊರಿನವರೂ ಹೀಗೆ ಕೂರುವುದಿಲ್ಲ. ಕೊಲ್ಲಾಪುರದಲ್ಲಿ ಫುಟ್‌ಬಾಲ್ ಕ್ಲಬ್ಬುಗಳು ತಾಲೀಮುಗಳ ಹೆಸರಿನಲ್ಲೇ ಇವೆ. ತಾಲೀಮೆಂದರೆ ಕುಸ್ತಿಯ ಗರಡಿಮನೆ. ಪಾಟಾಕಡೀಲ, ದಿಲ್‌ಬಹಾರ್, ಖಂಡೋಬಾ ಮುಂತಾದ ತಾಲೀಮುಗಳು ಶಾಹು ಸ್ಟೇಡಿಯಮ್ಮಿನಲ್ಲಿ ಎದುರಾದಾಗ ಪೇಟೆಗೆ ಪೇಟೆಯೇ ಎದುರಾಗುತ್ತದೆ, ಗಲ್ಲಿ ದಾಟಿ ಇನ್ನೊಂದು ತಾಲೀಮಿಗೆ ಆಡಿದವನ ದಾಟುವಿಕೆ ಮ್ಯಾಡ್ರಿಡ್ಡಿನ ಯಾವ ದಾಟುವಿಕೆಗಿಂತಲೂ ದೂರದ್ದೆನಿಸುತ್ತದೆ. ಆದರೂ ಅಲ್ಲಿನ ಅನಿಕೇತ್ ಜಾಧವ್ 2017ರಲ್ಲಿ ಭಾರತದಲ್ಲೇ ನಡೆದ ಹದಿನೇಳರೊಳಗಿನವರ ವಿಶ್ವಕಪ್ಪಿಗೆ ಆಯ್ಕೆಯಾದಾಗ, ಗಲ್ಲಿಗಳೆಲ್ಲ ಹುಡುಗನನ್ನು ಒಟ್ಟಾಗಿ ಹಂಚಿಕೊಂಡವು.

ಬೆಂಗಳೂರಿನ ಮನಸ್ಸು ಯಾವುದಕ್ಕೆ ಕೆರಳುತ್ತದೆ, ಯಾವುದಕ್ಕೆ ಕೆರಳದು ಎಂಬುದನ್ನು 2023ರ ಮಾರ್ಚ್ 3 ಮತ್ತು 4ರ ಎರಡು ದಿನಗಳಷ್ಟು ಚೆನ್ನಾಗಿ ಬೇರಾವುದೂ ತೋರಿಸದು. ಮೂರರ ರಾತ್ರಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. 96ನೆಯ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀಕಿಕ್ ದೊರೆಯಿತು; ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ, ಗೋಲ್‌ಕೀಪರ್ ತನ್ನ ಜಾಗಕ್ಕೆ ಮರಳುವ ಮೊದಲೇ, ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರು. ಗೋಡೆಯನ್ನು ದೂರ ಸರಿಸಿರೆಂದು ಹೊಡೆಯುವ ತಂಡ ಕೇಳಿದರೆ ರೆಫರಿಯ ಸೀಟಿಗೆ ಕಾಯಬೇಕು, ಕೇಳದಿದ್ದರೆ ಕಾಯಬೇಕಾಗಿಲ್ಲ. ಆ ರಾತ್ರಿ ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು, ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಗೆ ಕರೆದರು, ಪಂದ್ಯ ಅಲ್ಲಿಗೇ ಮುಗಿಯಿತು. ಅದು ಜಾಣತನವೋ ಮೋಸವೋ ಎಂಬ ಮೊಕದ್ದಮೆ ಮಾತ್ರ ಇನ್ನೂ ನಡೆಯುತ್ತಿದೆ, ವಿಶೇಷವಾಗಿ ಕನ್ನಡ ಮಲಯಾಳಗಳೆರಡೂ ಒಂದೇ ಚಹದಂಗಡಿಯಲ್ಲಿ ಕೂರುವ ಕಡೆಗಳಲ್ಲಿ. ಮರುದಿನ, ಸಾವಿರಾರು ಮೈಲಿ ದೂರದ ರಿಯಾದಿನಲ್ಲಿ, ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಸ್ಪರ್ಧೆಯಾದ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷಕ್ಕೆ ಬಂದ ಕಪ್ಪು ಅದು. ಫ್ರೀಕಿಕ್ಕಿನ ಬಗ್ಗೆ ಹೊಡೆದಾಡಿದವರಲ್ಲಿ ಆ ತಂಡದ ಮೂವರ ಹೆಸರು ಹೇಳಬಲ್ಲವರು ಎಷ್ಟು ಮಂದಿ ಎಂಬುದನ್ನು ಕೇಳದಿರುವುದೇ ಲೇಸು. ಜಗಳಕ್ಕೆ ಎದುರಾಳಿ ಬೇಕು, ಎದುರಾಳಿ ಪಕ್ಕದ ಮನೆಯವನಾಗಿರಬೇಕು. ಮೇಘಾಲಯದ ಮೇಲೆ ಯಾರಿಗೂ ಹಳೆಯ ಸಿಟ್ಟಿರಲಿಲ್ಲ.

ಇವನು ನಮ್ಮವನೇ ಎಂಬ ಪ್ರಶ್ನೆಯನ್ನು ಹರಟೆಗೆ ಬಿಡದೆ ಸಭೆ ಕೂಡಿಸಿ ತೀರ್ಮಾನಿಸಿದ ಊರೂ ಒಂದಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಹಿಡಿದು ಅಳೆದ ಕನ್ನಡ ನಾಡು ಮುಗಿಯುವುದು ಗೋದಾವರಿಯಲ್ಲಿ, ಆ ಗೋದಾವರಿಯ ದಡದಲ್ಲಿದೆ ಪೈಠಣ. ಶಾತವಾಹನರ ಪ್ರತಿಷ್ಠಾನವೆಂದೂ ಪೈಠಣಿ ಸೀರೆಯ ತವರೆಂದೂ ಹೆಸರಾದ ಈ ಊರಿನ ಪಂಡಿತಸಭೆಯ ಮಾತಿಗೆ ನಡುಗಾಲದ ಮಹಾರಾಷ್ಟ್ರದಲ್ಲಿ ಎದುರಿರಲಿಲ್ಲ. ಹದಿಮೂರನೆಯ ಶತಮಾನದ ಕೊನೆಗೆ, ಸಂನ್ಯಾಸ ತೊಟ್ಟು ಮತ್ತೆ ಸಂಸಾರಕ್ಕೆ ಮರಳಿದವರ ಮಕ್ಕಳೆಂದು ಆಳಂದಿಯವರು ಜಾತಿಯಿಂದ ಹೊರಗಿಟ್ಟ ಜ್ಞಾನೇಶ್ವರ ಮತ್ತು ಒಡಹುಟ್ಟಿದವರು, ನೀವು ನಮ್ಮವರೇ ಎಂದು ಬರೆದುಕೊಡುವ ಶುದ್ಧಿಪತ್ರಕ್ಕಾಗಿ ನಡೆದು ಬಂದದ್ದು ಇಲ್ಲಿಗೆ. ಸಭೆ ಬೇಗ ಒಪ್ಪಲಿಲ್ಲ. ಜ್ಞಾನೇಶ್ವರರು ಕೋಣದ ಬಾಯಲ್ಲಿ ವೇದ ಹೇಳಿಸಿದ ಮೇಲೆ ಪಂಡಿತರು ಮಣಿದರೆಂದು ಪರಂಪರೆ ಹೇಳುತ್ತದೆ. ಪ್ರತಿಭೆ ಕಣ್ಣೆದುರಿಗೇ ಇದ್ದರೂ ಕಾಗದ ಕೇಳುವ ಅಭ್ಯಾಸ ಹೀಗೆ ಹಳೆಯದು. (ಸಂನ್ಯಾಸದಿಂದ ಮರಳಿದವರ ವಿಷಯದಲ್ಲಿ ಫುಟ್‌ಬಾಲ್ ಜಗತ್ತು ಆಳಂದಿಗಿಂತ ಉದಾರಿ ಎಂಬುದಕ್ಕೆ ಛೆಟ್ರಿಯೇ ಸಾಕ್ಷಿ.)

ಈ ಕಾಲದ ಶುದ್ಧಿಪತ್ರಕ್ಕೆ ಕಾದವರು ರಯಾನ್ ವಿಲಿಯಮ್ಸ್. ಅವರು ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ; ತಾಯಿ ಮುಂಬಯಿಯ ಆಂಗ್ಲೋ ಇಂಡಿಯನ್ ಮನೆತನದವರು, ತಾಯಿಯ ತಂದೆ 1950ರ ದಶಕದಲ್ಲಿ ಬೊಂಬಾಯಿ ತಂಡಕ್ಕೆ ಸಂತೋಷ್ ಟ್ರೋಫಿ ಆಡಿದವರು. 2023ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟು ಪಡೆದರು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಪಾಸ್‌ಪೋರ್ಟು ಇಲ್ಲದವನನ್ನು ರಾಷ್ಟ್ರೀಯ ತಂಡಕ್ಕೆ ಸೇರಿಸುವುದೂ ಇಲ್ಲ. ಜಪಾನಿನ ಅರಾಟಾ ಇಜುಮಿ ಹತ್ತು ಹನ್ನೆರಡು ವರ್ಷ ಮೊದಲೇ ಇದೇ ದಾರಿ ತುಳಿದಿದ್ದರು. ಆದರೆ ವಿಲಿಯಮ್ಸ್ 2019ರಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಆಸ್ಟ್ರೇಲಿಯಾದ ಅಂಗಿ ತೊಟ್ಟು ಆಡಿದ್ದುಂಟು, ಒಮ್ಮೆ ಒಂದು ದೇಶಕ್ಕೆ ಆಡಿದವನು ಇನ್ನೊಂದಕ್ಕೆ ಆಡಬಹುದೇ? ಆಡಬಹುದು, ಏಕೆಂದರೆ ಅದು ಫ್ರೆಂಡ್ಲಿ. ಅಧಿಕೃತ ಸ್ಪರ್ಧೆಯ ಪಂದ್ಯ ಆಟಗಾರನನ್ನು ಸಾಮಾನ್ಯವಾಗಿ ಒಂದು ದೇಶಕ್ಕೆ ಕಟ್ಟಿಹಾಕುತ್ತದೆ, ಸೌಹಾರ್ದ ಪಂದ್ಯ ಕಟ್ಟುವುದಿಲ್ಲ. ಯಾವ ಲೆಕ್ಕಕ್ಕೂ ಬಾರದೆಂದು ಎಲ್ಲರೂ ತಳ್ಳಿಹಾಕುವ ಪಂದ್ಯವೇ ಒಬ್ಬನಿಗೆ ಎರಡನೆಯ ದೇಶದ ಬಾಗಿಲನ್ನು ತೆರೆದಿಟ್ಟಿತ್ತು.

2025ರ ನವೆಂಬರ್ 18ರಂದು ಢಾಕಾದಲ್ಲಿ ಭಾರತ ಬಾಂಗ್ಲಾದೇಶವನ್ನು ಎದುರಿಸಿತು. ಏಷ್ಯನ್ ಕಪ್ ಅರ್ಹತೆಯ ಈ ಪಂದ್ಯ ಹೆಸರಿಗೆ ಅಧಿಕೃತವಾದದ್ದು, ಆದರೆ ಎರಡೂ ತಂಡಗಳು ಅದಕ್ಕೆ ಮೊದಲೇ ಸ್ಪರ್ಧೆಯಿಂದ ಹೊರಬಿದ್ದಿದ್ದವು, ಆದ್ದರಿಂದ ಕೊಂಚ ಕಠೋರವಾಗಿ ಹೇಳುವುದಾದರೆ ಅದೂ ಒಂದು ಫ್ರೆಂಡ್ಲಿಯೇ. ಬೆಂಗಳೂರಿನ ಶಿಬಿರದಿಂದ ತಂಡದೊಂದಿಗೆ ಹೊರಟ ವಿಲಿಯಮ್ಸ್ ಢಾಕಾಕ್ಕೂ ಹೋದರು. ಅಭ್ಯಂತರವಿಲ್ಲವೆಂದು ಆಸ್ಟ್ರೇಲಿಯಾದ ಸಂಸ್ಥೆ ಕೊಡಬೇಕಾದ ಪತ್ರವೂ ಫಿಫಾದ ಒಪ್ಪಿಗೆಯೂ ಹೊತ್ತಿಗೆ ಸರಿಯಾಗಿ ಬಾರದೆ ಇಪ್ಪತ್ತಮೂರು ಮಂದಿಯ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಹನ್ನೊಂದನೆಯ ನಿಮಿಷದಲ್ಲಿ ಮೊರ್ಸಾಲಿನ್ ಹೊಡೆದ ಒಂದೇ ಗೋಲಿನಿಂದ ಬಾಂಗ್ಲಾದೇಶ ಇಪ್ಪತ್ತೆರಡು ವರ್ಷದ ಮೇಲೆ ಭಾರತವನ್ನು ಸೋಲಿಸಿತು. ಆ ರಾತ್ರಿ ಬೆಂಗಳೂರಿನ ಅಭಿಮಾನಿಗಳು ಆಡಿದ ಹನ್ನೊಂದು ಮಂದಿಯನ್ನು ಸ್ವಲ್ಪ ಹೊತ್ತು ಬೈದು ಬದಿಗಿಟ್ಟು, ಆಡದ ವಿಲಿಯಮ್ಸ್ ಬಲಬದಿಯಿಂದ ನುಗ್ಗಿದ್ದರೆ ಎಷ್ಟು ಗೋಲು ಆಗುತ್ತಿತ್ತೆಂಬ ಲೆಕ್ಕಕ್ಕೆ ಕೂತರು; ಎರಡು ಎಂದು ಒಬ್ಬ, ಮೂರು ಎಂದು ಇನ್ನೊಬ್ಬ.